ಷರತ್ತುಬದ್ಧ ಕುಬಸ

ಹದಿಮೂರನೇ ಅಡ್ಡರಸ್ತೆಯು ಹನ್ನೆರಡನೇ ಅಡ್ಡರಸ್ತೆಯ ಪಕ್ಕದಲ್ಲಿಯೇ ಇರತಕ್ಕದ್ದು ಎಂಬ ನಿಯಮ ಬೆಂಗಳೂರಿನಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಆ ಶನಿವಾರ ಬೆಳಿಗ್ಗೆ ಕೆಂಗೇರಿ ಉಪನಗರದಲ್ಲಿ, ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಆಟೋದಲ್ಲಿ ಕೂತಿದ್ದ ಗಿರಿಜಾದೇವಿ ದಾರಿ ತಪ್ಪಿದ್ದರಲ್ಲಿ ಯಾರ ಲೋಪವೂ ಇರಲಿಲ್ಲ. ಫೋನಿನ ಮ್ಯಾಪು ಒಂದು ಖಾಲಿ ಸೈಟಿನ ಮುಂದೆ ಅವರನ್ನು ನಿಲ್ಲಿಸಿ, ನೀವು ತಲುಪಿದ್ದೀರಿ ಎಂದು ಘೋಷಿಸಿತ್ತು. ಸೈಟಿನಲ್ಲಿ ಒಂದು ಎಮ್ಮೆ ನಿಂತಿತ್ತು. ಅದೂ ಆಗತಾನೇ ತಲುಪಿದ ಹಾಗಿತ್ತು.

ಗಿರಿಜಾದೇವಿ ಇಡೀ ಉದ್ಯೋಗಪರ್ವವನ್ನು ಟೂರ್ ಕಂಪನಿಯಲ್ಲಿ ಕಳೆದವರು. ಇಸ್ತಾಂಬುಲ್ಲಿನ ಸಂತೆಯಲ್ಲಿ ಕಳೆದುಹೋಗಿದ್ದ ಹಾವೇರಿಯ ದಂಪತಿಗಳನ್ನು ವಾಸನೆ ಹಿಡಿದು ಹುಡುಕಿದವರು. ಹನೋಯಿಯ ಸ್ಕೂಟರುಗಳ ಪ್ರವಾಹದಲ್ಲಿ ದಾವಣಗೆರೆಯ ನಿವೃತ್ತ ಮೇಷ್ಟ್ರುಗಳ ಸಾಲನ್ನೇ ರಸ್ತೆ ದಾಟಿಸಿದವರು. ಅಂಥವರು ಈಗ ಆಟೋದಿಂದ ತಲೆ ಹೊರಗೆ ಹಾಕಿ, ಮರದ ಕೆಳಗೆ ಇಸ್ತ್ರಿ ಗಾಡಿ ಹಾಕಿಕೊಂಡಿದ್ದ ಜಂಬಣ್ಣನನ್ನು ಕೇಳಿದರು:

"ಅಣ್ಣಾ, ಹದಿಮೂರನೇ ಕ್ರಾಸ್ ಎಲ್ಲಿ ಬರತ್ತೆ?"

"ಯಾವ ಹದಿಮೂರು ಮೇಡಂ? ಹಳೇದಾ, ಹೊಸದಾ?"

"ಎರಡಿದೆಯಾ?"

"ಹಳೇದು ಈಗ ಇಲ್ಲ. ಹೊಸದು ಇನ್ನೂ ಆಗಿಲ್ಲ."

"ಮತ್ತೆ ಅಲ್ಲಿನ ಜನ ಎಲ್ಲಿರ್ತಾರೆ?"

"ಮನೇಲೇ ಇರ್ತಾರೆ. ನಿಮಗೆ ಯಾರು ಬೇಕು ಅಂತ ಹೇಳಿ."

"ಲಕ್ಷ್ಮಿದೇವಮ್ಮ ಅಂತ. ಮಗ ವೆಂಕಟೇಶ್. ಕುರುಬರಹಳ್ಳಿ ಕಡೆಯಿಂದ ಬಂದೋರು."

ಜಂಬಣ್ಣ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟ. "ಸೀರೆಗೆ ಗಂಜಿ ಜಾಸ್ತಿ ಆಯ್ತು ಅಂತ ವಾಪಸ್ ಕಳಿಸ್ತಾರಲ್ಲ, ಅವರಾ? ಕಮ್ಮಿ ಹಾಕಿದ್ರೆ ಅದಕ್ಕೂ ವಾಪಸ್ ಕಳಿಸ್ತಾರೆ. ಮೊನ್ನೆ ಬಂದು, ನಿನ್ನ ಗಾಡಿ ನಿಂತಿರೋ ದಿಕ್ಕೇ ಸರಿಯಿಲ್ಲ ಕಣಯ್ಯ ಅಂದ್ರು."

ಗಿರಿಜಾದೇವಿಯ ಮುಖ ಅರಳಿತು. "ಹಾಗಾದ್ರೆ ಇನ್ನೂ ಕುಂದು ಹೇಳ್ತಾರೆ ಅನ್ನಿ!"

"ಅಯ್ಯೋ, ಅದರಲ್ಲಿ ಏನೂ ಕೊರತೆ ಮಾಡಿಲ್ಲ."

ಆ ವಾರದಲ್ಲಿ ಗಿರಿಜಾದೇವಿ ಕೇಳಿದ ಅತ್ಯಂತ ಶುಭವಾರ್ತೆ ಇದೇ ಆಗಿತ್ತು. ಕಾರಣವನ್ನು ಇಲ್ಲಿ ದಾಖಲಿಸುವುದು ಉಚಿತ.

ಕುರುಬರಹಳ್ಳಿಯ ಹಿಂಬದಿಗೆ ಬರುವ ನೆಲ್ಲಿತೋಪು ಬಡಾವಣೆಯ ನಿವಾಸಿಗಳು ಕೆಲವು ವರ್ಷಗಳ ಕೆಳಗೆ ಸರ್ವಾನುಮತದಿಂದ 'ಸಹಭೋಜನ ಮತ್ತು ಸಂಭ್ರಮ ಸಮಿತಿ'ಯನ್ನು ರಚಿಸಿದರು. ಸರ್ವಾನುಮತ ಎಂದರೆ, ವಿರೋಧ ಇರುವವರು ಕೈಯೆತ್ತಿ ಎಂದಾಗ ಎಲ್ಲರ ಕೈಯಲ್ಲೂ ಕಾಫಿ ಲೋಟ ಇತ್ತು. ಅಧ್ಯಕ್ಷರಾದ ಶಿವಬಸಪ್ಪನವರು ಸರ್ಕಾರಿ ಕಚೇರಿಯೊಂದರಿಂದ ನಿವೃತ್ತರಾದವರು. ಸಹಿ ಹಾಕಲು ಏನೂ ಸಿಗದೆ ಅವರ ಬಲಗೈ ನಡುಗತೊಡಗಿತ್ತು. ಸಮಿತಿ ಆದ ಮೇಲೆ ನಡುಕ ನಿಂತಿತು. ಡಾಕ್ಟರೂ ಆಶ್ಚರ್ಯಪಟ್ಟರು.

ನೆರೆಹೊರೆಯವರು ವಾರಕ್ಕೊಂದು ಥೀಮ್ ಇಟ್ಟುಕೊಂಡು ಒಟ್ಟಿಗೆ ಊಟ ಮಾಡಿ ಪ್ರೀತಿ ವಿಶ್ವಾಸ ಬೆಳೆಸಿಕೊಳ್ಳಬೇಕು ಎಂಬುದು ಸಮಿತಿಯ ಧ್ಯೇಯ. ಅಡುಗೆಯ ಗುತ್ತಿಗೆ ಅಧ್ಯಕ್ಷರ ಭಾಮೈದ ನಾಗಭೂಷಣನಿಗೆ ಹೋಯಿತು. ಟೆಂಡರು ಹಾಕಿದವನು ಅವನೊಬ್ಬನೇ ಆದ್ದರಿಂದ ಪೈಪೋಟಿ ಅಷ್ಟೇನೂ ತೀವ್ರವಾಗಿರಲಿಲ್ಲ. ನಾಗಭೂಷಣನಿಗೆ ದೊಡ್ಡ ಪಾತ್ರೆಯಲ್ಲಿ ಮಾಡಲು ಬರುತ್ತಿದ್ದುದು ಬಿಸಿಬೇಳೆಬಾತ್ ಒಂದೇ. ಇಟಲಿ ವಾರದಲ್ಲಿ ಅದರ ಮೇಲೆ ಚೀಸ್ ತುರಿದರು. ಮೆಕ್ಸಿಕೋ ವಾರದಲ್ಲಿ ಚಪಾತಿಯೊಳಗೆ ಸುತ್ತಿದರು. ಜಪಾನ್ ವಾರದಲ್ಲಿ ಅದರ ಜೊತೆ ಎರಡು ಕಡ್ಡಿ ಕೊಟ್ಟರು. 'ಬಾಲ್ಯದ ನೆನಪು' ವಾರದಲ್ಲಿ ಮಾತ್ರ ಏನೂ ಮಾಡದೆ ಹಾಗೇ ಬಡಿಸಿದರು. ಜನ ಕಣ್ಣೀರು ಹಾಕಿದರು. ಅದನ್ನು ಸಮಿತಿಯ ಯಶಸ್ಸು ಎಂದು ಪರಿಗಣಿಸಲಾಯಿತು.

ಪ್ರೀತಿ ಬೆಳೆದ ಹಾಗೆ ಡಬ್ಬಿಗಳೂ ಮನೆಯಿಂದ ಮನೆಗೆ ಓಡಾಡಿದವು. ಪಕ್ಕದ ಮನೆಯವರು ತಿಂಡಿ ಹಾಕಿ ಕಳಿಸಿದ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು, ಗತಿಯಿಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂಬುದು ಎಲ್ಲರ ಮನೆಯ ಅಜ್ಜಿಯರೂ ಹೇಳಿಕೊಂಡು ಬಂದ ಮಾತು. ಮಾತಾಗಿ ಇರುವಷ್ಟು ದಿನ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಶಿವಬಸಪ್ಪನವರು ಅದನ್ನು ನಿಯಮ ಮಾಡಿದರು.

'ಒಂದು: ಪರರ ಪಾತ್ರೆಯನ್ನು ಖಾಲಿಯಾಗಿ ಮರಳಿಸತಕ್ಕದ್ದಲ್ಲ. ಎರಡು: ಪಡೆದವರು ಮುಚ್ಚಳ ತೆಗೆದು, ರುಚಿ ನೋಡಿ, ಪದಾರ್ಥದಲ್ಲಿ ಒಂದು ಕುಂದನ್ನು ಹೇಳಿದಲ್ಲಿ ಮಾತ್ರ ಮರಳಿಕೆ ಪೂರ್ಣಗೊಂಡಂತೆ. ಚೆನ್ನಾಗಿದೆ ಎಂಬ ಮಾತನ್ನು ತಿನ್ನದೆಯೂ ಹೇಳಬಹುದಾದ್ದರಿಂದ ಅದನ್ನು ಪುರಾವೆಯಾಗಿ ಅಂಗೀಕರಿಸಲಾಗದು. ಮೂರು: ಪರರ ಪಾತ್ರೆಯನ್ನು ಬಾಕಿ ಉಳಿಸಿಕೊಂಡ ಮನೆಯಲ್ಲಿ ಶುಭಕಾರ್ಯದ ಊಟ ನಡೆಸತಕ್ಕದ್ದಲ್ಲ. ನಾಲ್ಕು: ಮರಳಿಕೆ ಪಡೆದವರು, ಅವರು ಭೂಮಿಯ ಯಾವ ಭಾಗದಲ್ಲಿಯೇ ವಾಸವಾಗಿರಲಿ, ಸಮಿತಿಯ ಸಕ್ರಿಯ ಸದಸ್ಯರೆಂದು ಭಾವಿಸತಕ್ಕದ್ದು.'

ಎರಡನೇ ನಿಯಮವನ್ನು ಬಡಾವಣೆಯ ಹೆಂಗಸರು ಹೃತ್ಪೂರ್ವಕವಾಗಿ ಸ್ವಾಗತಿಸಿದರು. ಅಷ್ಟು ವರ್ಷ ಬೆನ್ನ ಹಿಂದೆ ಹೇಳುತ್ತಿದ್ದುದನ್ನು ಇನ್ನು ಕಾನೂನಿನ ಪ್ರಕಾರ ಮುಖದ ಮುಂದೆಯೇ ಹೇಳಬಹುದಿತ್ತು. ನಾಲ್ಕನೆಯದನ್ನು ಯಾರೂ ಓದಲಿಲ್ಲ.

ಗಿರಿಜಾದೇವಿಯ ತಂಗಿಯ ಮಗಳು ವಚನಾ ಈಗ ಏಳು ತಿಂಗಳ ಬಸುರಿ. ಅವಳು ಓದಿದ್ದು, ಬೆಳೆದದ್ದು ಎಲ್ಲ ನೆಲ್ಲಿತೋಪಿನ ಈ ದೊಡ್ಡಮ್ಮನ ಮನೆಯಲ್ಲಿಯೇ. ದೊಡ್ಡಮ್ಮ ಊರೂರು ತಿರುಗುವಾಗ ಅವಳಿಗೆ ಊಟ ಹಾಕುತ್ತಿದ್ದವರು ಪಕ್ಕದ ಮನೆಯ ಲಕ್ಷ್ಮಿದೇವಮ್ಮ. ಹಾಗಾಗಿ ಸೀಮಂತ, ಅಂದರೆ ಇವರ ಕಡೆಯವರು ಹೇಳುವ ಕುಬಸ, ಭಾನುವಾರ ಅದೇ ಮನೆಯ ತಾರಸಿಯಲ್ಲಿ ಎಂದು ನಿಶ್ಚಯವಾಗಿತ್ತು. ಅನುಮತಿ ಕೊಡುವ ಮೊದಲು ಅಧ್ಯಕ್ಷರು ನಿಯಮದಂತೆ ಅಡುಗೆಮನೆ ತಪಾಸಣೆಗೆ ಬಂದರು. ಅಕ್ಕಿ ಡಬ್ಬದ ಹಿಂದಿನಿಂದ ಒಂದು ಸ್ಟೀಲ್ ಡಬ್ಬಿಯನ್ನು ಎಳೆದು ತೆಗೆದರು. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿತ್ತು: ಲಕ್ಷ್ಮಿದೇವಮ್ಮ.

ಗಿರಿಜಾದೇವಿ ವಿಯೆಟ್ನಾಮಿಗೆ ಹೊರಟಾಗ ಲಕ್ಷ್ಮಿದೇವಮ್ಮ ನಿಪ್ಪಟ್ಟು ತುಂಬಿ ಕೊಟ್ಟಿದ್ದ ಡಬ್ಬಿ ಅದು. ನಿಪ್ಪಟ್ಟು ವಿಮಾನದಲ್ಲಿಯೇ ಮುಗಿದಿತ್ತು. ಆಮೇಲೆ ಅದು ಸೂಜಿ ದಾರ, ಮಾತ್ರೆ, ಯಾವ ಯಾವುದೋ ದೇಶದ ಚಿಲ್ಲರೆ ತುಂಬಿಕೊಂಡು ಪ್ರಪಂಚ ಸುತ್ತಿತು. ಗಿರಿಜಾದೇವಿ ತಿರುಗಿ ಬರುವ ಹೊತ್ತಿಗೆ ಲಕ್ಷ್ಮಿದೇವಮ್ಮ ಕೆಂಗೇರಿಗೆ ಹೋಗಿಬಿಟ್ಟಿದ್ದರು.

"ಅಧ್ಯಕ್ಷರೇ, ಭಾನುವಾರ ಕುಬಸ. ಡಬ್ಬಿ ಆಮೇಲೆ ಕೊಟ್ರೆ ಆಗಲ್ವಾ?"

"ಮಗು ಕಾಯಬಹುದು ಮೇಡಂ, ನಿಯಮ ಕಾಯೋದಿಲ್ಲ."

"ಮಗು ಹೆಂಗ್ರೀ ಕಾಯತ್ತೆ?"

"ಆ ಬಗ್ಗೆ ಮಗುವಿನಿಂದ ಅರ್ಜಿ ಬಂದಿಲ್ಲ."

ಅವರು ಕಟ್ಟುನಿಟ್ಟಿನ ಮನುಷ್ಯ. ಐದನೇ ತಿಂಗಳಲ್ಲಿ ಮನೆಯವರಷ್ಟೇ ಸೇರಿ ಸದ್ದಿಲ್ಲದೆ ಮಾಡುವ ಕಳ್ಳ ಕುಬಸಕ್ಕೂ ಅವರು ಮೂರು ಪ್ರತಿಗಳಲ್ಲಿ ಅರ್ಜಿ ತರಿಸಿಕೊಂಡು, ಯಾರಿಗೂ ತಿಳಿಯಬಾರದು ಎಂಬ ಟಿಪ್ಪಣಿಯೊಂದಿಗೆ ನೋಟಿಸ್ ಬೋರ್ಡಿಗೆ ಹಾಕಿಸಿದ್ದರು.

ಆ ವಾರದ ಥೀಮ್ 'ಅಂತರಿಕ್ಷ' ಎಂದೂ ಅವರು ಇದೇ ಸಮಯದಲ್ಲಿ ತಿಳಿಸಿದರು.

"ನಂಗೆ ಅಂತರಿಕ್ಷ ಬೇಡ ದೊಡ್ಡಮ್ಮಾ," ಎಂದಳು ವಚನಾ. "ಮಾದಲಿ ಬೇಕು. ಹಾಲು ಹಾಕಿ, ತುಪ್ಪ ಹಾಕಿ, ಬಟ್ಟಲು ತುಂಬ ಬೇಕು. ಕನಸಲ್ಲೂ ಅದೇ ಬರ್ತಿದೆ."

ಗೋಧಿ, ಬೆಲ್ಲ, ಕೊಬ್ಬರಿ, ಏಲಕ್ಕಿ ಹಾಕಿ ಪುಡಿ ಮಾಡುವ ಈ ಸಿಹಿಯನ್ನು ಸಮಿತಿ ಕೂಲಂಕಷವಾಗಿ ಪರಿಶೀಲಿಸಿತು. ಬಣ್ಣ ಮತ್ತು ಕಣಗಳ ಗಾತ್ರವನ್ನು ಗಮನಿಸಿ, ಚಂದ್ರನ ಮೇಲ್ಮೈ ಎಂಬ ನೆಲೆಯಲ್ಲಿ ಅನುಮತಿ ನೀಡಿತು. ಆದರೆ ಚಂದ್ರನ ಮೇಲೆ ಹಾಲು ತುಪ್ಪ ಹರಿಯುವುದಿಲ್ಲವಾದ್ದರಿಂದ ಅವೆರಡನ್ನೂ ನಿಷೇಧಿಸಿತು.

ಹೀಗೆ ಗಿರಿಜಾದೇವಿ ಡಬ್ಬಿಗೆ ಮಾದಲಿ ತುಂಬಿಕೊಂಡು ಕೆಂಗೇರಿಗೆ ಬಂದಿದ್ದರು. ಲಕ್ಷ್ಮಿದೇವಮ್ಮ ಒಂದು ಕುಂದು ಹೇಳಿದರೆ ಸಾಕು. ಅವರಿಂದ ಅದನ್ನು ಕೇಳಿಸಿಕೊಳ್ಳದೆ ಬದುಕುವುದೇ ಕಷ್ಟ ಎಂದು ಗಿರಿಜಾದೇವಿ ನಂಬಿದ್ದರು.

ಜಂಬಣ್ಣ ಹೇಳಿದ ದಾರಿ ಪೂರ್ತಿ ತಪ್ಪಾಗಿತ್ತು. ಆದರೆ ಬಾಗಿಲಲ್ಲಿ ನಿಂತು ತರಕಾರಿಯವನನ್ನು ಬಯ್ಯುತ್ತಿದ್ದ ದನಿ ಎರಡು ಬೀದಿಯಾಚೆಗೂ ಕೇಳುತ್ತಿದ್ದುದರಿಂದ ಮನೆ ಸಿಕ್ಕಿತು.

"ಬಂದ್ಯೇನೇ ಊರು ತಿರುಗೋಳೇ!" ಎಂದರು ಲಕ್ಷ್ಮಿದೇವಮ್ಮ. "ಅದ್ಯಾಕೆ ಹಂಗೆ ಸೊರಗಿದೀಯಾ? ಚಪ್ಪಲಿ ಸರಿಯಾಗಿ ಬಿಡು. ಕೂದಲಿಗೆ ಎಂಥದ್ದೇ ಬಣ್ಣ ಅದು, ಹುಣಸೆಹಣ್ಣಿನ ಥರ? ಆ ಚೇರಲ್ಲಿ ಕೂತ್ಕೋಬೇಡ, ಮಗ ತಂದಿದ್ದು, ಕಾಲು ಗಟ್ಟಿಯಿಲ್ಲ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ವೆಂಕಟೇಶ್ ಪುಟ ತಿರುಗಿಸಿದ.

ಗಿರಿಜಾದೇವಿ ಸಂತೋಷದಿಂದ ಡಬ್ಬಿ ಮುಂದೆ ಇಟ್ಟರು. ಲಕ್ಷ್ಮಿದೇವಮ್ಮ ಅದನ್ನು ನೋಡಿದ್ದೇ ಮಾತು ನಿಲ್ಲಿಸಿದರು. ಮುಚ್ಚಳ ತೆಗೆದರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

"ಚೆನ್ನಾಗಿದೆ."

"ಏನಂದ್ರಿ ಲಕ್ಷ್ಮಕ್ಕ?"

"ಚೆನ್ನಾಗಿದೆ ಕಣೇ. ಬಹಳ ಚೆನ್ನಾಗಿದೆ."

"ನೀವು ಮಾದಲಿಗೆ ಮರಳು ಅಂತಿದ್ರಿ!"

"ಒಳ್ಳೇ ಮರಳು."

ಲಕ್ಷ್ಮಿದೇವಮ್ಮ ದನಿ ತಗ್ಗಿಸಿದರು. "ನಂಗೇನು ಗೊತ್ತಿಲ್ಲ ಅನ್ಕೊಂಡ್ಯಾ? ಸುತ್ತೋಲೆ ಎಲ್ಲ ಇವನ ಫೋನಿಗೆ ಬರತ್ತೆ, ಓದಿಸ್ಕೊಂಡಿದೀನಿ. ನಾಲ್ಕನೇ ನಿಯಮಾನೂ ಓದಿಸಿದೀನಿ. ಕುಂದು ಹೇಳಿದೆ ಅಂದ್ರೆ ನಾನು ಮತ್ತೆ ಮೆಂಬರ್ರು. ಎರಡು ಕಡ್ಡೀಲಿ ಬಿಸಿಬೇಳೆಬಾತ್ ತಿನ್ನಿಸಿದ್ರಲ್ಲೇ ನಂಗೆ! ಒಂದು ಬಟಾಣಿ ಹಿಡಿಯೋ ಹೊತ್ತಿಗೆ ತಟ್ಟೆ ಎತ್ಕೊಂಡು ಹೋದ್ರು. ನಾನ್ಯಾಕೆ ಕೆಂಗೇರಿಗೆ ಬಂದೆ ಅನ್ಕೊಂಡಿದೀಯಾ? ಮಗನ ಮೇಲಿನ ಪ್ರೀತಿಗಾ?"

ವೆಂಕಟೇಶ್ ಇನ್ನೊಂದು ಪುಟ ತಿರುಗಿಸಿದ.

ಗಿರಿಜಾದೇವಿ ಪ್ರಪಂಚ ಕಂಡವರು, ಅಷ್ಟಕ್ಕೆಲ್ಲ ಸೋಲುವವರಲ್ಲ. ನೀರು ಕುಡಿಯುವ ನೆವದಲ್ಲಿ ಡಬ್ಬಿಯ ಸಮೇತ ಅಡುಗೆಮನೆಗೆ ಹೋಗಿ ಒಂದು ಹಿಡಿ ಉಪ್ಪು ಬೆರೆಸಿದರು.

"ಇನ್ನೊಂದು ಚೂರು ನೋಡಿ ಅಕ್ಕ."

ಲಕ್ಷ್ಮಿದೇವಮ್ಮ ನೋಡಿದರು. ಹುಬ್ಬು ಮೇಲೆ ಹೋಯಿತು, ನಿಧಾನವಾಗಿ ಕೆಳಗೆ ಬಂತು. "ಅಮೃತ," ಎಂದರು.

ಗಿರಿಜಾದೇವಿ ಮತ್ತೆ ನೀರು ಕುಡಿಯಲು ಹೋದರು. ಈ ಸಲ ಸಾರಿನ ಪುಡಿ ಬೆರೆಸಿದರು.

ಲಕ್ಷ್ಮಿದೇವಮ್ಮ ಬಿಕ್ಕಳಿಸಿದರು. ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿ ಒರೆಸಿಕೊಂಡು, "ಇದರ ಮುಂದೆ ಅಮೃತ ಏನೂ ಅಲ್ಲ," ಎಂದರು.

"ವಚನಾ ಕುಬಸ ನಿಂತು ಹೋಗತ್ತೆ ಅಕ್ಕಾ!"

ಅದಕ್ಕೆ ಮಾತ್ರ ಅವರು ಡಬ್ಬಿಯ ಮುಚ್ಚಳ ಹಾಕಿದರು. "ಆ ಮಗೂನ ನಾನೇ ಕೈತುತ್ತು ಹಾಕಿ ಬೆಳೆಸಿದ್ದು. ಬರ್ತೀನಿ, ಬಳೆ ತೊಡಿಸ್ತೀನಿ. ಆದ್ರೆ ಕುಂದು ಹೇಳಲ್ಲ. ಆ ಶಿವಬಸಪ್ಪ ತಲೆ ಕೆಳಗಾಗಿ ನಿಂತ್ರೂ ಚೆನ್ನಾಗಿದೆ ಅಂತಲೇ ಅಂತೀನಿ. ತಗೊಂಡು ಹೋಗು ನಿನ್ನ ಡಬ್ಬೀನ."

ಕುಂದು ಹೇಳದ ಕಾರಣ ಡಬ್ಬಿ ಕಾನೂನಿನ ಕಣ್ಣಿನಲ್ಲಿ ಇನ್ನೂ ಬಾಕಿಯೇ ಆಗಿತ್ತು. ಗಿರಿಜಾದೇವಿ ಅದನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ವಾಪಸಾದರು. ದಾರಿಯಲ್ಲಿ ಜಂಬಣ್ಣ ಕೈ ಬೀಸಿ, "ಸಿಕ್ತಾ ಮೇಡಂ ಹದಿಮೂರು?" ಎಂದು ಕೇಳಿದ.

ಭಾನುವಾರ ಬೆಳಿಗ್ಗೆ ಗಿರಿಜಾದೇವಿ ಡಬ್ಬಿ ತೊಳೆದು ಹೊಸ ಮಾದಲಿ ತುಂಬಿದರು. ತಾರಸಿಗೆ ಸಮಿತಿಯವರು ಬೆಳ್ಳಿ ಬಣ್ಣದ ಹಾಳೆ ಹೊದಿಸಿದ್ದರು. ಅದರ ಮೇಲೆ ಬಿಸಿಲು ಬಿದ್ದು ನೆಂಟರಿಗೆಲ್ಲ ಕಣ್ಣು ಕುಕ್ಕುತ್ತಿತ್ತು. ಅಂತರಿಕ್ಷಯಾನಿಗಳು ಎಲ್ಲವನ್ನೂ ಹಿಂಡಿಕೊಂಡು ತಿನ್ನುತ್ತಾರೆ ಎಂದು ಎಲ್ಲೋ ಓದಿದ್ದ ನಾಗಭೂಷಣ, ಬಿಸಿಬೇಳೆಬಾತನ್ನು ಮೆಹಂದಿ ಹಾಕುವ ಕೋನುಗಳಿಗೆ ತುಂಬಿ ತಂದಿದ್ದ. ಎಲ್ಲ ಕೋನುಗಳ ತುದಿಯಲ್ಲೂ ಒಂದೊಂದು ಕಡಲೆಕಾಯಿ ಬೀಜ ಸಿಕ್ಕಿಕೊಂಡಿತ್ತು. ದಾವಣಗೆರೆಯಿಂದ ಬಂದ ಹಿರಿಯರೊಬ್ಬರು ಬಹಳ ಹೊತ್ತು ಹಿಂಡಿ, ಸೂಜಿ ಇದೆಯಾ ಎಂದು ಕೇಳಿದರು.

ಶಿವಬಸಪ್ಪನವರು ಕನ್ನಡಕ ಏರಿಸಿ ಆದೇಶ ಓದಿದರು:

"ಅರ್ಜಿದಾರರ ಮನೆಯಲ್ಲಿ ಪರರ ಪಾತ್ರೆ ಬಾಕಿ ಇರುವುದು ಸಾಬೀತಾಗಿದ್ದರೂ, ಗರ್ಭಿಣಿಯ ಹಿತದೃಷ್ಟಿಯಿಂದ ಷರತ್ತುಬದ್ಧ ಕುಬಸಕ್ಕೆ ಅನುಮತಿ ನೀಡಿದೆ. ಅರಿಶಿನ ಕುಂಕುಮ ಹಚ್ಚಬಹುದು. ಹಸಿರು ಬಳೆ ತೊಡಿಸಬಹುದು. ಉಡಿ ತುಂಬಬಹುದು. ಬಾಕಿ ಇರುವ ಡಬ್ಬಿಯಿಂದಲೇ ಮೊದಲ ತುತ್ತನ್ನು ಬಾಯಿಗೆ ಇಡಬಹುದು. ಬಾಕಿ ತೀರುವ ತನಕ ನುಂಗುವಂತಿಲ್ಲ."

ನೆಂಟರು ತಲೆಯಾಡಿಸಿದರು. ಹತ್ತಿರದ ಮನೆಯವರು ಪರವಾಗಿಲ್ಲ, ಉದಾರವಾಗಿಯೇ ಇದೆ ಎಂದರು. ಹಿಂದಿನ ತಿಂಗಳು ಅದೇ ಬಡಾವಣೆಯ ಕವನಾಳ ಮಗನ ಹುಟ್ಟುಹಬ್ಬದಲ್ಲಿ ಮೇಣದಬತ್ತಿ ಹಚ್ಚಲು ಮಾತ್ರ ಅನುಮತಿ ಸಿಕ್ಕಿತ್ತು, ಆರಿಸಲು ಸಿಕ್ಕಿರಲಿಲ್ಲ.

ಬಳೆ ಆಯಿತು, ಉಡಿ ಆಯಿತು. ಗಿರಿಜಾದೇವಿ ಡಬ್ಬಿಯಿಂದ ಒಂದು ಹಿಡಿ ಮಾದಲಿ ತೆಗೆದರು. ಬೆಳಿಗ್ಗೆಯಿಂದ ಹಸಿದಿದ್ದ ವಚನಾ ದೊಡ್ಡದಾಗಿ ಬಾಯಿ ತೆರೆದಳು. ಹಾಲಿಲ್ಲ, ತುಪ್ಪವಿಲ್ಲ, ಚಂದ್ರನ ಮೇಲಿದ್ದಷ್ಟೇ ಒಣಗಿದ ಪುಡಿ. ಅವಳು ಬಾಯಿ ಮುಚ್ಚಿದಳು. ಎರಡೂ ಕೆನ್ನೆ ಉಬ್ಬಿದವು.

ಶಿವಬಸಪ್ಪನವರು ಡಬ್ಬಿಯನ್ನು ಲಕ್ಷ್ಮಿದೇವಮ್ಮನವರ ಮುಂದೆ ಹಿಡಿದರು. "ಅಮ್ಮಾ, ರುಚಿ ನೋಡಿ ಅಭಿಪ್ರಾಯ ತಿಳಿಸಬೇಕು."

ಲಕ್ಷ್ಮಿದೇವಮ್ಮ ಒಂದು ಚಿಟಿಕೆ ಹಾಕಿಕೊಂಡರು. "ಚೆನ್ನಾಗಿದೆ."

"ಇನ್ನೊಮ್ಮೆ ಯೋಚಿಸಿ."

"ಬಹಳ ಚೆನ್ನಾಗಿದೆ."

"ಮ್‌ಮ್," ಎಂದಳು ವಚನಾ. ಅವಳ ಕಣ್ಣು ಕೆಂಪಾಗುತ್ತಿತ್ತು.

ಅವಳ ಗಂಡ ಚನ್ನವೀರೇಶ್ ಅಧ್ಯಕ್ಷರ ಹತ್ತಿರ ಬಂದ. "ಸಾರ್, ಅರ್ಧ ನುಂಗಬಹುದಾ?"

"ಅರ್ಧಕ್ಕೆ ಬೇರೆ ಅರ್ಜಿ."

"ಉಗೀಬಹುದಾ?"

"ಸಮಿತಿಯ ಅನುಮತಿ ಪಡೆದ ಪದಾರ್ಥವನ್ನು ಉಗಿಯುವುದು ಸಮಿತಿಗೆ ಮಾಡುವ ಅವಮಾನ."

"ಅಕ್ಕಾ," ಎಂದರು ಗಿರಿಜಾದೇವಿ, "ನಿಮ್ಮ ಕಾಲಿಗೆ ಬೀಳ್ತೀನಿ. ಒಂದೇ ಒಂದು ಮಾತು. ಬೆಲ್ಲ ಜಾಸ್ತಿ ಅನ್ನಿ, ಕಮ್ಮಿ ಅನ್ನಿ."

"ಬೆಲ್ಲ ಹದವಾಗಿದೆ," ಎಂದು ಲಕ್ಷ್ಮಿದೇವಮ್ಮ ಆಕಾಶ ನೋಡಿದರು. ತುಟಿ ಬಿಗಿಹಿಡಿದಿದ್ದರು. ಕತ್ತಿನ ನರ ಎದ್ದು ನಿಂತಿತ್ತು.

ಅಷ್ಟರಲ್ಲಿ ವಚನಾಗೆ ಕೆಮ್ಮು ಬಂತು. ತಡೆದುಕೊಂಡಳು. ತಡೆದರೂ ಮೂಗಿನಿಂದ ಒಂದು ಸಣ್ಣ ಮೋಡ ಹೊರಟು ಶಿವಬಸಪ್ಪನವರ ಕನ್ನಡಕದ ಮೇಲೆ ಇಳಿಯಿತು. ಅವಳು ಕಣ್ಣೀರು ತುಂಬಿಕೊಂಡು ಲಕ್ಷ್ಮಿದೇವಮ್ಮನ ಕಡೆ ನೋಡಿದಳು, ಚಿಕ್ಕವಳಿದ್ದಾಗ ಬಿಸಿ ಅನ್ನ ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದ ಹಾಗೆ.

"ಅಯ್ಯೋ ನಿಮ್ಮ ಮನೆ ಕಾಯ್ವಾಗ!" ಲಕ್ಷ್ಮಿದೇವಮ್ಮ ಎದ್ದು ನಿಂತರು. "ಬಸುರಿ ಹುಡುಗಿ ಬಾಯಿಗೆ ಒಣಾ ಪುಡಿ ತುರುಕಿದೀರಲ್ರೋ! ಹಾಲಿಲ್ದೇ ಮಾದಲಿ ಯಾರಾದ್ರೂ ತಿನ್ನಿಸ್ತಾರೇನ್ರೋ? ಗಂಟಲು ಕಟ್ಟಿದ್ರೆ ಯಾರಪ್ಪ ಗತಿ? ಒಂದ್ ತೊಟ್ಟು ತುಪ್ಪ ಇಲ್ಲ! ಗಿರಿಜಾ, ಏಲಕ್ಕೀನ ಸಿಪ್ಪೆ ಸಮೇತ ಕುಟ್ಟಿದೀಯಲ್ಲೇ, ಲೋಕ ಎಲ್ಲಾ ತಿರುಗಿ ಇದೇನಾ ಕಲ್ತಿದ್ದು? ಗೋಧಿ ಹುರಿದೇ ಇಲ್ಲ ಸರಿಯಾಗಿ, ಹಸೀ ವಾಸನೆ! ಸರೀರಿ ಆ ಕಡೆ, ಹಾಲು ತರ್ತೀನಿ!"

ಲಕ್ಷ್ಮಿದೇವಮ್ಮ ಬಾಯಿಗೆ ಕೈ ಅಡ್ಡ ಹಿಡಿದರು, ತಡವಾಗಿತ್ತು.

ಶಿವಬಸಪ್ಪನವರು ಕನ್ನಡಕ ಒರೆಸಿಕೊಂಡು ಪೆನ್ನು ತೆಗೆದರು. ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. "ಕುಂದು ದಾಖಲಾಗಿದೆ," ಎಂದರು. "ನುಂಗಬಹುದು."

ಲಕ್ಷ್ಮಿದೇವಮ್ಮ ನಿಷೇಧಿತ ಹಾಲಿನ ಲೋಟವನ್ನು ತಾವೇ ತಂದು ವಚನಾಳ ಬಾಯಿಗೆ ಹಿಡಿದರು. ವಚನಾ ನುಂಗಿದಳು. ಉಸಿರು ಎಳೆದುಕೊಂಡಳು.

"ಅಜ್ಜೀ, ಇನ್ನೊಂದು ತುತ್ತು."

ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಲಿನ ವಿಷಯವನ್ನು ಅಧ್ಯಕ್ಷರು ಕ್ಷೀರಪಥ ಎಂದು ಸ್ಥಳದಲ್ಲಿಯೇ ಕ್ರಮಬದ್ಧಗೊಳಿಸಿದರು. ಲಕ್ಷ್ಮಿದೇವಮ್ಮನವರನ್ನು ನಾಲ್ಕನೇ ನಿಯಮದಂತೆ ಸಕ್ರಿಯ ಸದಸ್ಯರೆಂದು ಘೋಷಿಸಿದರು. ಒಂದೇ ಡಬ್ಬಿಗೆ ಅಷ್ಟು ಕುಂದು ಹೇಳಿದ ದಾಖಲೆ ಬೇರೆ ಯಾರದೂ ಇಲ್ಲವಾದ್ದರಿಂದ, ಅವರನ್ನು ಗೌರವ ಕುಂದು ಅಧಿಕಾರಿಯನ್ನಾಗಿ ನೇಮಿಸಿ, ವಾರಕ್ಕೊಮ್ಮೆ ಕೆಂಗೇರಿಗೆ ಆಟೋ ಕಳಿಸುವುದೆಂದೂ ತೀರ್ಮಾನವಾಯಿತು.

"ಕಡ್ಡಿ ಕೊಡಬಾರದು," ಎಂದರು ಲಕ್ಷ್ಮಿದೇವಮ್ಮ.

"ಅಧಿಕಾರಿಗಳಿಗೆ ಕಡ್ಡಿಯಿಂದ ವಿನಾಯಿತಿ ಇದೆ."

ಅವರು ಸ್ವಲ್ಪ ಯೋಚಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ಯಾರೂ ಹೇಳದೆಯೇ ಬಡಾವಣೆಯ ಹೆಂಗಸರು ತಮ್ಮ ತಮ್ಮ ಮನೆಗೆ ಓಡಿ, ಬಾಕಿ ಡಬ್ಬಿಗಳಿಗೆ ಸಿಕ್ಕಿದ್ದನ್ನು ತುಂಬಿಕೊಂಡು ಬಂದು ಸಾಲು ನಿಂತರು. ನಾಗಭೂಷಣ ಒಂದು ಕೋನು ಹಿಡಿದುಕೊಂಡು ಸಾಲಿನ ಕೊನೆಯಲ್ಲಿ ನಿಂತ. ಅವನಿಗೂ ಯಾರಾದರೂ ಏನಾದರೂ ಹೇಳಲಿ ಎಂಬ ಆಸೆ ಬಹಳ ದಿನದಿಂದ ಇತ್ತು.

ಸಾಲಿನಲ್ಲಿ ಮೊದಲು ಇದ್ದವರು ಗಿರಿಜಾದೇವಿ. ಅವರು ಡಬ್ಬಿಗೆ ಮುಚ್ಚಳ ಹಾಕಿ, ಸೆರಗಿನಿಂದ ಒರೆಸಿ, ಎರಡೂ ಕೈಯಿಂದ ಕೊಟ್ಟರು. ಲಕ್ಷ್ಮಿದೇವಮ್ಮ ಇಸಿದುಕೊಂಡು, ಮೇಲಕ್ಕೆ ಎತ್ತಿ ಹಿಡಿದು ತಳ ನೋಡಿದರು. ಹೆಸರು ಇತ್ತು. ಹೆಸರಿನ ಪಕ್ಕದಲ್ಲಿ ಹನೋಯಿಯ ಒಂದು ನೆಗ್ಗು ಇತ್ತು.

"ನೆಗ್ಗಿಸಿದೀಯಲ್ಲೇ," ಎಂದರು.

ಶಿವಬಸಪ್ಪನವರು ಅದನ್ನೂ ಬರೆದುಕೊಂಡರು.